ಓದದೆ ಬಿಟ್ಟ ಎರಡು ಸಾಲು

ಕಪ್ಪು ಬಳಿಯುವುದರಲ್ಲಿ ಶಂಸುನ್ನಿಸಾ ಟೀಚರ್ ಎತ್ತಿದ ಕೈ.

ಸೌದಿಯ ಹಾಯಿಲ್‌ನ ಆ ಇಂಡಿಯನ್ ಶಾಲೆಗೆ ಪ್ರತಿ ಏಪ್ರಿಲ್‌ನಲ್ಲಿ ಊರಿನಿಂದ ಪುಸ್ತಕದ ಪೆಟ್ಟಿಗೆಗಳು ಬಂದಿಳಿಯುತ್ತಿದ್ದವು. ಅವನ್ನು ಮಕ್ಕಳ ಕೈಗೆ ಕೊಡುವ ಮೊದಲು ಹೆಣ್ಣುಮಕ್ಕಳ ವಿಭಾಗದ ಟೀಚರುಗಳೆಲ್ಲ ಸ್ಟಾಫ್ ರೂಮಿನ ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಆಕ್ಷೇಪ ಬರಬಹುದಾದ ಚಿತ್ರಗಳ ಮೇಲೆಲ್ಲ ಕಪ್ಪು ಮಾರ್ಕರ್ ಆಡಿಸಬೇಕು. ಇಂಥಿಂಥದ್ದನ್ನು ಅಳಿಸಿ ಎಂದು ಯಾರೂ ಬರೆದು ಕೊಟ್ಟಿರಲಿಲ್ಲ. ಬರೆದು ಕೊಡದ ಕಾರಣಕ್ಕೇ ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ಅಳಿಸುತ್ತಿದ್ದರು. ಹತ್ತನೆಯ ತರಗತಿಯ ಇತಿಹಾಸ ಪುಸ್ತಕದಲ್ಲಿ ಜರ್ಮನಿಯನ್ನು ಒಬ್ಬ ಹೆಂಗಸಿನ ರೂಪದಲ್ಲಿ ತೋರಿಸಿದ ಚಿತ್ರವಿತ್ತು. ತಲೆಗೆ ಓಕ್ ಎಲೆಯ ಕಿರೀಟ, ಕೈಯಲ್ಲಿ ಖಡ್ಗ. ಉಳಿದವರು ಇಡೀ ಪುಟಕ್ಕೇ ಮಸಿ ಮೆತ್ತಿ ಕೈ ತೊಳೆದುಕೊಂಡರೆ, ಶಂಸುನ್ನಿಸಾ ಟೀಚರ್ ಮಾತ್ರ ಕುತ್ತಿಗೆಯಿಂದ ಮೊಣಕೈವರೆಗೆ ಅಳತೆ ತೆಗೆದು ಕುಪ್ಪಸ ಹೊಲಿದ ಹಾಗೆ ಬಳಿದು ಕಿರೀಟ, ಖಡ್ಗ ಎರಡನ್ನೂ ಉಳಿಸಿಕೊಡುತ್ತಿದ್ದರು. ಅಷ್ಟಾದರೂ ಉಳಿಯಿತಲ್ಲ ಎಂದು ಅವರಿಗೆ ಒಳಗೊಳಗೇ ಹೆಮ್ಮೆ.

ಅವರು ತಲಪಾಡಿ ಗಡಿಯ ಕೇರಳದ ಬದಿಯ ಕುಂಜತ್ತೂರಿನವರು. ತಂದೆ, ಅವರ ಉಪ್ಪ, ಅಲ್ಲೇ ಕನ್ನಡ ಶಾಲೆಯಲ್ಲಿ ಮಾಷ್ಟ್ರು. ಟೀಚರ್ ಮಂಗಳೂರಿನಲ್ಲಿ ಬಿ.ಎಡ್. ಮುಗಿಸಿ, ಹಸನ್ ಕುಂಞಿಯನ್ನು ಮದುವೆಯಾಗಿ ಹಾಯಿಲ್‌ಗೆ ಬಂದದ್ದು ಎರಡು ಸಾವಿರದ ಮೂರರಲ್ಲಿ. ಹಸನ್ ಕುಂಞಿಗೆ ಗೋಧಿ ಹೊಲಗಳಿಗೆ ನೀರೆತ್ತುವ ಪಂಪುಗಳ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹೋದವನು ಬರುವುದು ರಾತ್ರಿಯ ಇಶಾ ಬಾಂಗಿನ ಮೇಲೆ. ನಾಲ್ಕು ವರ್ಷ ಆಕೆ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಪರದೆ ಸರಿಸಿ ಎದುರಿನ ಗೋಡೆ ನೋಡಿದರು. ಕಾರಿಲ್ಲದೆ ಅಲ್ಲಾಡುವ ಹಾಗಿಲ್ಲ, ಹೆಂಗಸರು ಕಾರು ಓಡಿಸುವ ಹಾಗೂ ಇಲ್ಲ. ಆಮೇಲೆ ಶಾಲೆಯಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕಿತು. ಆ ಊರಿನಲ್ಲಿ ಇದು ನನ್ನದು ಎಂದು ಹೇಳಿಕೊಳ್ಳಲು ಆಕೆಗೆ ಒಂದೇ ಒಂದು ಜಾಗ ಇದ್ದರೆ ಅದು ಹತ್ತನೆಯ ತರಗತಿಯ ಕೋಣೆ. ಅದು ಕೈಬಿಟ್ಟು ಹೋದೀತು ಎಂಬ ಹೆದರಿಕೆ ಸೇರಿದ ದಿನದಿಂದಲೂ ಇತ್ತು. ಒಂದು ದೂರು ಸಾಕು, ಮಾರನೆಯ ದಿನದಿಂದ ಮತ್ತೆ ಅದೇ ಗೋಡೆ.

ಆದರೂ ಪಾಠಕ್ಕೆ ನಿಂತರೆ ಹೆದರಿಕೆ ಮರೆತುಹೋಗುತ್ತಿತ್ತು. ಎರಡು ಸಾವಿರದ ಹನ್ನೆರಡರ ಏಪ್ರಿಲ್‌ನಲ್ಲಿ ಜರ್ಮನಿಯ ಪಾಠ ತೆಗೆದುಕೊಂಡ ದಿನ ಟೀಚರ್ ಒಂದು ಡಬ್ಬಿಯಲ್ಲಿ ಹನ್ನೆರಡು ಖರ್ಜೂರ ತಂದಿದ್ದರು. ಮುಂದಿನ ಬೆಂಚು ಹ್ಯಾಂಬರ್ಗ್, ಹಿಂದಿನ ಬೆಂಚು ನ್ಯೂರೆಂಬರ್ಗ್. ನಡುವೆ ಹನ್ನೊಂದು ಕಡೆ ಸುಂಕದ ಕಟ್ಟೆ, ಕಟ್ಟೆಗೊಂದು ಖರ್ಜೂರ. ಡಬ್ಬಿ ಕೈಯಿಂದ ಕೈಗೆ ದಾಟಿ ಕೊನೆಯ ಬೆಂಚಿಗೆ ತಲುಪುವಾಗ ಒಳಗೆ ಒಂದೇ ಉಳಿದಿತ್ತು. ಹುಡುಗಿಯರು ಹೋ ಎಂದು ಕೂಗಿದರು.

“ಒಂದೇ ಭಾಷೆಯವರು, ಆದ್ರೆ ಮೂವತ್ತೊಂಬತ್ತು ರಾಜ್ಯ. ಒಬ್ಬೊಬ್ಬ ದೊರೆಗೂ ಒಂದೊಂದು ಗೇಟು,” ಎಂದರು ಟೀಚರ್. “ಈಗ ಪ್ರಷ್ಯ ಅಂತ ಒಬ್ಬಳು ಇದ್ದಾಳೆ, ಎಲ್ಲರಿಗಿಂತ ಗಟ್ಟಿಗಿತ್ತಿ. ನನ್ನ ಒಟ್ಟಿಗೆ ಸೇರಿದವರಿಗೆ ಸುಂಕ ಇಲ್ಲ ಅಂತಾಳೆ. ಸೇರ್ತೀರಾ ಇಲ್ವಾ?”

“ಸೇರ್ತೇವೆ ಮಿಸ್!” ಎಂದಳು ಖರ್ಜೂರ ಸಿಗದ ಯಶ್ಮಿತಾ. “ಆದ್ರೆ ಅವಳಿಗೆ ಎಂತ ಲಾಭ?”

“ಮೂವತ್ತೇಳು ವರ್ಷ ತಡಿ. ಅವಳೇ ಇಡೀ ಕ್ಲಾಸಿಗೆ ಮಾನಿಟರ್ ಆಗ್ತಾಳೆ.”

ಮುಂದಿನ ಮೂರು ದಿನ ಅವಳು ಮಾನಿಟರ್ ಹೇಗಾದಳೆಂಬ ಕತೆ. ಜನರೇ ಸೇರಿ ಸಭೆ ಕಟ್ಟಿ ಕಿರೀಟ ಒಯ್ದು ಕೊಟ್ಟಾಗ ನಿಮ್ಮ ಕೈಯಿಂದ ನನಗೆ ಬೇಡ ಎಂದು ತಳ್ಳಿದ ಪ್ರಷ್ಯದ ರಾಜ. ಆಮೇಲೆ ಏಳು ವರ್ಷದಲ್ಲಿ ಮೂರು ಯುದ್ಧ: ಡೆನ್ಮಾರ್ಕಿನೊಂದಿಗೆ, ಆಸ್ಟ್ರಿಯದೊಂದಿಗೆ, ಫ್ರಾನ್ಸಿನೊಂದಿಗೆ. ಪ್ರಷ್ಯದ ಮಾತು ಕೇಳದೆ ಸಿಂಹಾಸನ, ಊರು ಎರಡನ್ನೂ ಕಳೆದುಕೊಂಡ ಹಾನೋವರ್‌ನ ಕುರುಡು ದೊರೆ. ಕೊನೆಗೆ ಸೋತ ಫ್ರಾನ್ಸಿನ ಅರಮನೆಯಲ್ಲೇ, ಕನ್ನಡಿಗಳ ಹಜಾರದಲ್ಲಿ, ಪ್ರಷ್ಯದ ರಾಜ ಇಡೀ ಜರ್ಮನಿಗೆ ಚಕ್ರವರ್ತಿ. ಅಷ್ಟು ಹೊತ್ತಿಗೆ ಆಸ್ಟ್ರಿಯ ಹೊರಗೆ. ಅಲ್ಲಿಯ ಜರ್ಮನರು ಆಡುವುದು ಅದೇ ಭಾಷೆ, ಆದರೆ ಗೆರೆ ಬಿದ್ದದ್ದು ಅವರನ್ನು ಬಿಟ್ಟು.

ಗೆರೆಯ ಮಾತು ಬಂದರೆ ಟೀಚರಿಗೆ ಸುಮ್ಮನಿರಲಾಗುವುದಿಲ್ಲ. ಐವತ್ತಾರರ ನವೆಂಬರ್ ಒಂದರಂದು ಉಪ್ಪನಿಗೆ ಹನ್ನೆರಡು ವರ್ಷ. ಗಡಿಯಾಚೆಯ ಮಾವನ ಮನೆಯ ಊರಿನಲ್ಲಿ ಕನ್ನಡದವರೆಲ್ಲ ಒಂದಾದರೆಂದು ಸಕ್ಕರೆ ಹಂಚಿದರಂತೆ. ಉಪ್ಪ ಕುಂಜತ್ತೂರಿನಿಂದ ಓಡಿ ಹೋಗಿ ಸಾಲಿನಲ್ಲಿ ನಿಂತರೆ, ನೀನು ಕೇರಳದವ, ನಿನಗಿಲ್ಲ ಎಂದು ಯಾರೋ ತಮಾಷೆ ಮಾಡಿದರಂತೆ. ತಮಾಷೆಯೇ ಇರಬಹುದು. ಉಪ್ಪ ಸಾಯುವ ತನಕ ಅದನ್ನು ಮರೆಯಲಿಲ್ಲ.

“ಇದು ಯಾವ ಪುಸ್ತಕದಲ್ಲೂ ಇಲ್ಲ,” ಎಂದು ಟೀಚರ್ ಹುಡುಗಿಯರಿಗೆ ಹೇಳಿದರು. “ದೊರೆಗಳದ್ದು ಪುಸ್ತಕದಲ್ಲಿ ಉಂಟು. ಸಕ್ಕರೆ ಸಿಗದವನದ್ದು ಮನೆಯಲ್ಲಿ ಕೇಳಿಯೇ ಗೊತ್ತಾಗ್ಬೇಕು.”

ಆಗ ಎದ್ದು ನಿಂತವಳು ಹಿಬಾ. ಉಡುಪಿ ಕಡೆಯ ಬಟ್ಟೆ ಅಂಗಡಿಯವರೊಬ್ಬರ ಮಗಳು, ಹಾಯಿಲ್‌ನಲ್ಲೇ ಹುಟ್ಟಿ ಬೆಳೆದವಳು. ಅರಬಿಯನ್ನು ಅಲ್ಲಿಯ ಮಕ್ಕಳ ಹಾಗೆಯೇ ಮಾತಾಡುತ್ತಿದ್ದಳು.

“ಮಿಸ್, ಈ ಹಾಯಿಲ್ ಕೂಡ ಮೊದಲು ಬೇರೆ ರಾಜ್ಯ ಆಗಿತ್ತಂತೆ. ನಮ್ಮ ಪಕ್ಕದ ಮನೆ ಅಜ್ಜಿಯ ಅಮ್ಮ ನೋಡಿದ್ದಾರಂತೆ. ಕೋಟೆ ಬಾಗಿಲು ಹಾಕಿದ್ದು, ಮತ್ತೆ ತೆಗೆದದ್ದು, ಎಲ್ಲ.”

ಬೇರೆ ಟೀಚರಾಗಿದ್ದರೆ ಅಲ್ಲಿಗೇ ಕೂರಿಸಿಬಿಡುತ್ತಿದ್ದರು. ಶಂಸುನ್ನಿಸಾ ಟೀಚರ್ ಉಪ್ಪನ ಸಕ್ಕರೆಯ ಗುಂಗಿನಲ್ಲೇ ಇದ್ದರು. “ಹೌದಾ? ಹಾಗಾದ್ರೆ ಕೇಳಿ ಬರ್ಕೊಂಡು ಬಾ ಮಾರಾಯ್ತಿ,” ಎಂದುಬಿಟ್ಟರು.

ಕ್ಲಾಸಿನ ಹಿಂಬದಿ ಗೋಡೆಯ ಮೇಲೆ ದೊಡ್ಡ ಜರ್ಮನಿ ಎದ್ದಿತು. ಒಂದೊಂದು ರಾಜ್ಯಕ್ಕೆ ಒಂದೊಂದು ಹಾಳೆ, ಹಾಳೆಯ ಕೆಳಗೆ ಅದನ್ನು ಬಿಡಿಸಿದ ಹುಡುಗಿ ಮನೆಯ ಹಿರಿಯರಿಂದ ಕೇಳಿ ಬರೆದ ಒಂದು ಕತೆ. ಹಿಬಾಳ ಪಾಲಿಗೆ ಆಸ್ಟ್ರಿಯ. ಅವಳು ಚಾರ್ಟನ್ನೇ ಸುರುಳಿ ಸುತ್ತಿ ಉಮ್ಮು ಸಾಲೆಹ್ ಎಂಬ ಆ ಅಜ್ಜಿಯ ಮನೆಗೆ ಒಯ್ದಿದ್ದಳು. ಅಜ್ಜಿಗೆ ಕಣ್ಣು ಮಂದ. ನಾನು ಹೇಳಿದ್ದನ್ನು ನನಗೆ ಕಾಣುವಷ್ಟು ದೊಡ್ಡದಾಗಿ, ನನ್ನ ಮುಂದೆಯೇ ಬರಿ ಎಂದಿದ್ದರಂತೆ. ಹಾಗಾಗಿ ಕರಡು ಪ್ರತಿ ಎಂಬುದಿಲ್ಲ. ಮೇಲೆ ಇಂಗ್ಲಿಷಿನಲ್ಲಿ ಒಂದು ವಾಕ್ಯ: ಈ ಊರು ಮುತ್ತಿಗೆಯಲ್ಲಿದ್ದಾಗ ಒಬ್ಬ ತಾಯಿ ಏಳು ವರ್ಷದ ಮಗಳನ್ನು ಮಲಗಿಸಲು ಹೇಳುತ್ತಿದ್ದ ಜೋಗುಳ. ಕೆಳಗೆ ಅರಬಿಯಲ್ಲಿ ನಾಲ್ಕು ಸಾಲು.

“ಅರ್ಥ ಎಂತ?” ಎಂದು ಟೀಚರ್ ಕೇಳಿದ್ದರು.

“ನಂಗೂ ಅರ್ಧ ಗೊತ್ತಾಗ್ಲಿಲ್ಲ ಮಿಸ್. ಅಜ್ಜಿದು ಹಳೇ ಭಾಷೆ. ಹೇಳಿದ ಹಾಗೆ ಬರೆದೆ. ಇನ್ನೊಮ್ಮೆ ಹೋಗಿ ಕೇಳ್ತೇನೆ.”

ಇನ್ನೊಮ್ಮೆ ಕೇಳಲಾಗಲಿಲ್ಲ. ಮೇ ತಿಂಗಳ ಕೊನೆಯ ವಾರ ಉಮ್ಮು ಸಾಲೆಹ್ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಹಿಬಾ ಎರಡು ದಿನ ಶಾಲೆಗೆ ಬರಲಿಲ್ಲ. ಬಂದವಳು ಟೀಚರಿನ ಮೇಜಿನ ಹತ್ತಿರ ನಿಂತು ಕಣ್ಣೊರೆಸಿಕೊಂಡಳು.

“ಅಜ್ಜಿಯ ಮೊಮ್ಮಗಳು ನೌಫ್ ಬಂದಿದ್ರು ಮಿಸ್. ಅವ್ರು ಇಲ್ಲಿಯ ಎಜುಕೇಷನ್ ಆಫೀಸಿನಲ್ಲಿ ಇರುವುದು. ನಾನು ಚಾರ್ಟಿನ ವಿಷಯ ಹೇಳಿದೆ. ಅವ್ರು ನನ್ನನ್ನು ಪಕ್ಕಕ್ಕೆ ಕರೆದ್ರು. ಮತ್ತೆ, ನೀನು ಯಾವ ಸ್ಕೂಲು ಅಂತ ಕೇಳಿದ್ರು.”

ಟೀಚರ್ ಪೆನ್ನು ಕೆಳಗಿಟ್ಟರು. ಯಾವ ಸ್ಕೂಲು? ಎಜುಕೇಷನ್ ಆಫೀಸಿನವರಿಗೆ ಅದು ಯಾಕೆ ಬೇಕು? ಮಗುವಿನ ತಲೆ ಸವರಿ ಕಳಿಸಿದರು, ಆದರೆ ಆ ದಿನ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರನೆಯ ದಿನ ಆಫೀಸಿನಿಂದ ಕಾಗದ ಬಂತು. ಹೆಣ್ಣುಮಕ್ಕಳ ವಿಭಾಗಕ್ಕೆ ನಾಳೆ ಬೆಳಿಗ್ಗೆ ಇನ್‌ಸ್ಪೆಕ್ಷನ್, ಬರುವವರು ಉಸ್ತಾದಾ, ಎಂದರೆ ಮೇಡಂ, ನೌಫ್.

ಹೆಡ್ ಮಿಸ್ಟ್ರೆಸ್ ಮೋಹಿನಿ ಮೇಡಂ ಕುಂದಾಪುರದವರು, ಹದಿನೆಂಟು ವರ್ಷದಿಂದ ಆ ಶಾಲೆಯಲ್ಲಿ ಬೇರು ಬಿಟ್ಟವರು. ಕೆಟ್ಟವರಲ್ಲ. ಹದಿನೆಂಟು ವರ್ಷ ಯಾರ ಕಾಲನ್ನೂ ತುಳಿಯದೆ ಬದುಕಿದವರು, ಅಷ್ಟೆ. ಕೊನೆಯ ಗಂಟೆಯಾದ ಮೇಲೆ ಶಂಸುನ್ನಿಸಾ ಟೀಚರನ್ನು ಕರೆದು ಬಾಗಿಲು ಹಾಕಿದರು.

“ಅಲ್ಲ ಟೀಚರ್, ನಿಮ್ಗೆ ಜರ್ಮನಿ ಸಾಕಾಗ್ಲಿಲ್ವಾ? ಹಾಯಿಲ್ ಯಾಕೆ ಬೇಕಿತ್ತು? ಇಲ್ಲಿಯವರ ಹಳೇ ಜಗಳ ನಮಗೆಂತಕ್ಕೆ?”

“ಜೋಗುಳ ಅಷ್ಟೇ ಮೇಡಂ.”

“ಜೋಗುಳದಲ್ಲಿ ಎಂತ ಉಂಟು ಅಂತ ನಿಮ್ಗೆ ಗೊತ್ತುಂಟಾ?”

ಗೊತ್ತಿರಲಿಲ್ಲ. ಅದೇ ಸಂಕಟ.

“ತೆಗೆದುಬಿಡಿ ಅದನ್ನು. ನಾಳೆ ಹೆಚ್ಚುಕಮ್ಮಿ ಆದ್ರೆ ನಾನು ನಿಮ್ಮ ಪರ ನಿಲ್ಲುವ ಹಾಗೆ ಇಲ್ಲ. ನನ್ನ ಕೈಯಲ್ಲಿ ಎಂತದೂ ಇಲ್ಲ, ಬೇಜಾರು ಮಾಡ್ಬೇಡಿ.”

ಟೀಚರ್ ಖಾಲಿ ಕ್ಲಾಸಿಗೆ ಬಂದರು. ಹೊರಗೆ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ. ಆಸ್ಟ್ರಿಯದ ಹಾಳೆ ಕಿತ್ತರೆ ಅಂಟಿಗೆ ಪಕ್ಕದ ಬವೇರಿಯವೂ ಹರಿದು ಬರುತ್ತದೆ, ಗೋಡೆಯಲ್ಲಿ ತೂತು ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಿಬಾಳ ಹಾಳೆಯನ್ನು ಹರಿಯಲು ಮನಸ್ಸು ಬರಲಿಲ್ಲ. ಆ ನಾಲ್ಕು ಸಾಲು ಏನೆಂದಾದರೂ ನೋಡೋಣ ಎಂದು ಹತ್ತಿರ ಹೋದರು.

ಮದ್ರಸದಲ್ಲಿ ಕಲಿತವರಿಗೆ ಅರಬಿ ಅಕ್ಷರ ಓದಲು ಏನೂ ಕಷ್ಟವಿಲ್ಲ. ಕುಂಜತ್ತೂರಿನ ಉಸ್ತಾದರು ಬೆತ್ತದ ತುದಿ ಇಟ್ಟು ಕಲಿಸಿದ್ದು ನಲವತ್ತು ದಾಟಿದರೂ ಹೋಗುವುದಿಲ್ಲ. ಅರ್ಥ ಮಾತ್ರ ಯಾರೂ ಕಲಿಸಿರಲಿಲ್ಲ. ಟೀಚರ್ ಬೆರಳಿಟ್ಟು ಮೊದಲ ಸಾಲನ್ನು ಬಾಯಿಬಿಟ್ಟು ಓದಿದರು, ಎರಡನೆಯದನ್ನು ಓದಿದರು. ಬಾಬ್ ಎಂದರೆ ಬಾಗಿಲು, ಅಷ್ಟು ತಿಳಿಯಿತು. ಮತ್ತೆ ಮೊದಲಿನಿಂದ ಓದಿದರು, ಮೂರನೆಯ ಸಲವೂ ಓದಿದರು, ಏನಾದರೂ ಹೊಳೆದೀತೇ ಎಂದು. ಆಮೇಲೆ ಬೆರಳು ಮೂರನೆಯ ಸಾಲಿಗೆ ಇಳಿಯಿತು. ಅಲ್ಲಿ ಎರಡು ಹೆಸರುಗಳು ಕಂಡವು: ಇಬ್ನ್ ರಶೀದ್, ಇಬ್ನ್ ಸೌದ್.

ಒಂದು ಹಿಂದೆ ಈ ಊರನ್ನು ಆಳಿದ ಮನೆತನ, ಇನ್ನೊಂದು ಅದನ್ನು ಗೆದ್ದು ಈಗ ದೇಶವನ್ನೇ ಆಳುವ ಮನೆತನ. ಎರಡೂ ಹೆಸರು ಒಂದೇ ಸಾಲಿನಲ್ಲಿ, ನನ್ನ ಕ್ಲಾಸಿನ ಗೋಡೆಯ ಮೇಲೆ! ಹೊಗಳಿದ್ದೋ ಬೈದದ್ದೋ, ಯಾರಿಗೆ ಗೊತ್ತು? ಟೀಚರ್ ಬಾಗಿಲ ಕಡೆ ತಿರುಗಿ ನೋಡಿದರು. ಬೆರಳು ತೆಗೆದರು. ಹಾಳೆ ಹರಿಯುವುದಕ್ಕಿಂತ ಇದೇ ಒಳ್ಳೆಯದು, ಮಗು ಬಿಡಿಸಿದ ಆಸ್ಟ್ರಿಯವಾದರೂ ಉಳಿಯುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು ಬ್ಯಾಗಿನಿಂದ ಮಾರ್ಕರ್ ತೆಗೆದರು. ನಾಲ್ಕು ಸಾಲಿನ ಮೇಲೆ ನಾಲ್ಕು ಪಟ್ಟಿ. ಅಂಚು ಎಲ್ಲೂ ಸೊಟ್ಟಗಾಗಲಿಲ್ಲ. ಹೊರಗೆ ಡ್ರೈವರ್ “ಯಲ್ಲಾ ಯಲ್ಲಾ” ಎಂದು ಕೂಗುತ್ತಿದ್ದ.

ಆ ದಿನ ಊಟ ಸೇರಲಿಲ್ಲ. “ಎಂತಾಯ್ತು ನಿಂಗೆ?” ಎಂದು ಹಸನ್ ಕುಂಞಿ ಕೇಳಿದ. ಇನ್‌ಸ್ಪೆಕ್ಷನ್ ಎಂದರು. ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಬೆಳಿಗ್ಗೆ ಹುಡುಗಿಯರು ಕ್ಲಾಸಿಗೆ ಬಂದರು. ಹಿಬಾ ಗೋಡೆ ನೋಡಿದಳು, ಬ್ಯಾಗು ಇಳಿಸದೆ ಹಾಗೇ ನಿಂತಳು, ಆಮೇಲೆ ಹೋಗಿ ತನ್ನ ಜಾಗದಲ್ಲಿ ಕೂತಳು. ಅತ್ತಿದ್ದರೆ ಟೀಚರಿಗೆ ಸಮಾಧಾನ ಮಾಡಲು ಬರುತ್ತಿತ್ತು. ಅವಳು ಅಳಲಿಲ್ಲ.

ಒಂಬತ್ತೂವರೆಗೆ ಮೋಹಿನಿ ಮೇಡಂ ಹಿಂದೆ ನೌಫ್ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಹಾಜರಿ ಪುಸ್ತಕ ನೋಡಲಿಲ್ಲ, ಪಾಠದ ಟಿಪ್ಪಣಿ ಕೇಳಲಿಲ್ಲ. ನೇರ ಹಿಂದಿನ ಗೋಡೆಗೆ ನಡೆದು ಹಾಳೆಯಿಂದ ಹಾಳೆಗೆ ಹುಡುಕಿ, ಆಸ್ಟ್ರಿಯದ ಮುಂದೆ ನಿಂತಳು. ಕಪ್ಪು ಪಟ್ಟಿಯ ಮೇಲೆ ಬೆರಳು ಆಡಿಸಿದಳು.

“ಇಲ್ಲಿ ಏನಿತ್ತು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ತಪ್ಪಾಗಿತ್ತು,” ಎಂದರು ಟೀಚರ್. “ಅಕ್ಷರ ತಪ್ಪು. ತಿದ್ದಲು...”

“ನನ್ನ ಅಜ್ಜಿಯ ಮಾತು ಇತ್ತು ಇಲ್ಲಿ.” ನೌಫ್‌ಳ ದನಿ ಏರಲಿಲ್ಲ. “ಅವಳ ಅಮ್ಮ ಹಾಡುತ್ತಿದ್ದ ಜೋಗುಳ. ಮನೆಯಲ್ಲಿ ಯಾರಿಗೂ ಬರುವುದಿಲ್ಲ. ನಾವು ಯಾರೂ ಕೇಳಿರಲಿಲ್ಲ. ಈ ಹುಡುಗಿ ಕೇಳಿದಳು. ಇನ್‌ಸ್ಪೆಕ್ಷನ್ ಒಂದು ನೆಪ. ಅದನ್ನು ಬರೆದುಕೊಳ್ಳಬೇಕೆಂದು ನಾನೇ ಈ ಶಾಲೆಯನ್ನು ಕೇಳಿ ಹಾಕಿಸಿಕೊಂಡೆ.”

ಮೋಹಿನಿ ಮೇಡಂ ನೆಲ ನೋಡಿದರು. ನೌಫ್ ಹಾಳೆಯ ತುದಿಯನ್ನು ಮೆಲ್ಲಗೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಬವೇರಿಯದ ಅಂಚು ಸ್ವಲ್ಪ ಹರಿಯಿತು. ಬರೆದ ಶಾಯಿಯೂ ಕಪ್ಪು, ಬಳಿದದ್ದೂ ಕಪ್ಪು. ಏನೂ ಕಾಣಲಿಲ್ಲ. ಹಿಬಾಳತ್ತ ತಿರುಗಿ ಅರಬಿಯಲ್ಲಿ ಏನೋ ಕೇಳಿದಳು. ಹಿಬಾ ಎರಡು ಮೂರು ಪದ ಹೇಳಿ, ನಿಂತು, ತಲೆ ಅಲ್ಲಾಡಿಸಿದಳು. ಫೋಟೋ ಇದೆಯೇ ಎಂದು ಕೇಳಿದ್ದಿರಬೇಕು, ಅದಕ್ಕೂ ತಲೆ ಅಲ್ಲಾಡಿಸಿದಳು.

ಶಂಸುನ್ನಿಸಾ ಟೀಚರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಾಚಿಕೆ ಎಂದರೆ ಇದು. ಉಪ್ಪನ ಸಕ್ಕರೆಯ ಕತೆ ಹೇಳಿ ಹೇಳಿ ಕಣ್ಣೀರು ತರಿಸಿಕೊಂಡವಳು, ಇನ್ನೊಬ್ಬರ ಮನೆಯ ಸಕ್ಕರೆಯನ್ನು ಕೈಯಾರೆ ಚೆಲ್ಲಿದ್ದಳು. ಆ ಸಂಕಟದಲ್ಲೇ, ಅವರು ಕರೆಯದೆ, ನಾಲಿಗೆ ತಾನಾಗಿ ಅಲ್ಲಾಡಿತು. ಮದ್ರಸದ ನಾಲಿಗೆ ಅದು. ಅರ್ಥ ತಿಳಿಯದ್ದನ್ನು ಮೂರು ಸಲ ಓದಿದರೆ ಹಿಡಿದಿಟ್ಟುಕೊಳ್ಳುವಂತೆ ಚಿಕ್ಕಂದಿನಲ್ಲೇ ಪಳಗಿದ್ದು. ಟೀಚರ್ ಕಣ್ಣು ಮುಚ್ಚಿ, ಸಬಕ್‌ನ ಪಾಠ ಒಪ್ಪಿಸುವ ಹುಡುಗಿಯ ರಾಗದಲ್ಲಿ ಮೊದಲ ಸಾಲು ಹೇಳಿದರು. ಎರಡನೆಯದನ್ನೂ ಹೇಳಿದರು.

ನೌಫ್ ಬಾಯಿಗೆ ಕೈ ಹಿಡಿದಳು. ಇನ್ನೊಮ್ಮೆ ಎಂದಳು. ಟೀಚರ್ ಇನ್ನೊಮ್ಮೆ ಹೇಳಿದರು. ನೌಫ್ ಫೈಲಿನ ಹಿಂಬದಿಯಲ್ಲಿ ಗಡಿಬಿಡಿಯಿಂದ ಬರೆದುಕೊಂಡಳು. ಕಣ್ಣು ತುಂಬಿತ್ತು.

“ಅರ್ಥ ಗೊತ್ತೇ ನಿಮಗೆ?”

“ಇಲ್ಲ.”

“ಬಾಗಿಲು ತೆರೆಯದಿದ್ದರೆ ನಿನಗೆ ಅನ್ನವಿಲ್ಲ ಮಗಳೇ, ಬಾಗಿಲು ತೆರೆದರೆ ನಿನಗೆ ಅಪ್ಪನಿಲ್ಲ.” ನೌಫ್ ಮೂಗು ಒರೆಸಿಕೊಂಡಳು. “ಅಜ್ಜಿಯ ಅಮ್ಮನೇ ಆ ಮಗಳು. ಅವಳ ಅಪ್ಪ ಕೋಟೆ ಕಾಯುವವನಾಗಿದ್ದ. ಮುಂದೆ ಹೇಳಿ.”

ಟೀಚರ್ ಮೂರನೆಯ ಸಾಲನ್ನು ನೆನೆದರು. ನೆನಪಿನಲ್ಲಿ ಆ ಎರಡು ಹೆಸರುಗಳ ಹೊರತು ಏನೂ ಇರಲಿಲ್ಲ.

“ಅದರಲ್ಲಿ ಎರಡು ಹೆಸರಿತ್ತು,” ಎಂದರು. “ಅದನ್ನು ಕಂಡ ಕೂಡಲೇ ನಾನು ಓದುವುದನ್ನು ನಿಲ್ಲಿಸಿದೆ. ಮತ್ತೆ ಬಳಿದೆ. ನನಗೆ ಹೆದರಿಕೆಯಾಯಿತು.”

ನೌಫ್ ಅವರ ಮುಖವನ್ನೇ ನೋಡಿದಳು. ಬೈಯುತ್ತಾಳೆಂದು ಟೀಚರ್ ಕಾದರು, ಬೈದರೆ ಒಳ್ಳೆಯದೆಂದೂ ಅನ್ನಿಸಿತು. ಅವಳು ಬೈಯಲಿಲ್ಲ. ಬರೆದ ಎರಡು ಸಾಲಿನ ಕೆಳಗೆ ಇನ್ನೆರಡು ಸಾಲಿನಷ್ಟು ಜಾಗ ಬಿಟ್ಟು ಗೆರೆ ಎಳೆದಳು. ಹಿಬಾಳ ಕೆನ್ನೆ ಮುಟ್ಟಿ, ಟೀಚರಿಗೆ ಸಲಾಂ ಹೇಳಿ ಹೊರಟುಹೋದಳು. ಶಾಲೆಯ ಬಗ್ಗೆ ಆಕ್ಷೇಪವೇನೂ ಇಲ್ಲವೆಂದು ಮಧ್ಯಾಹ್ನವೇ ಕಾಗದ ಬಂತು. ಕೆಲಸ ಉಳಿಯಿತು, ಕೋಣೆ ಉಳಿಯಿತು. “ದೇವರು ದೊಡ್ಡವ, ಬಚಾವಾದ್ವಿ ಟೀಚರ್,” ಎಂದು ಮೋಹಿನಿ ಮೇಡಂ ಕೈ ಹಿಡಿದುಕೊಂಡರು.

ಕೊನೆಯ ಗಂಟೆಗೆ ಎಲ್ಲರೂ ವ್ಯಾನಿಗೆ ಓಡಿದ ಮೇಲೂ ಹಿಬಾ ಬೆಂಚಿನಲ್ಲೇ ಕೂತಿದ್ದಳು. ಟೀಚರ್ ಹತ್ತಿರ ಹೋದರು. ಏನು ಹೇಳಬೇಕೆಂದು ತೋಚದೆ ಅವಳ ಪುಸ್ತಕಗಳನ್ನು ಜೋಡಿಸತೊಡಗಿದರು.

“ಮಿಸ್, ಅಜ್ಜಿ ನಾಲ್ಕನೇ ಸಾಲು ಹೇಳುವಾಗ ನಗಾಡಿದ್ರು,” ಎಂದಳು ಹಿಬಾ. “ಯಾಕೆ ಅಂತ ಕೇಳಿದ್ದಕ್ಕೆ, ನಿನ್ನ ಟೀಚರ್ ಹತ್ರ ಕೇಳು, ಓದಿದವರಿಗೆ ಗೊತ್ತಾಗ್ತದೆ ಅಂದ್ರು.”

ಅವಳು ಬ್ಯಾಗು ಹೆಗಲಿಗೇರಿಸಿ ಹೊರಟಳು. ಟೀಚರ್ ಗೋಡೆಯ ಹತ್ತಿರ ಹೋಗಿ, ಹರಿದ ಬವೇರಿಯದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತ, ಹೊರಗೆ ಹಾರ್ನ್ ಹೊಡೆಯುತ್ತಿದ್ದರೂ ಅಲ್ಲೇ ನಿಂತಿದ್ದರು.